ಹಿಂಗಾಲಿನಲ್ಲಿ ಒಂದು ಖಂಡ ಕಡಿಮೆ: ದೈತ್ಯ ದುಂಬಿಗಳ ಕುಟುಂಬವೊಂದಕ್ಕೆ ನೆಲೆ ಸಿಕ್ಕ ಬಗೆ

ಕಲಬುರಗಿ ಮತ್ತು ಯಾದಗಿರಿ ಸೀಮೆಯಲ್ಲಿ ತೊಗರಿ ಹೂವಿಗೆ ಬಂದಾಗ, ಕಪ್ಪು ಮೈಮೇಲೆ ಅಗಲವಾದ ಕಿತ್ತಳೆ ಪಟ್ಟಿಗಳಿರುವ ದುಂಬಿಯೊಂದು ಗಿಡದಿಂದ ಗಿಡಕ್ಕೆ ಹಾರುತ್ತ ಹೂಗಳನ್ನೇ ಮೇಯುತ್ತದೆ. ಮೈಲಾಬ್ರಿಸ್ ಕುಲಕ್ಕೆ ಸೇರಿದ ಈ ದುಂಬಿಯನ್ನು ಹಿಸುಕಿದರೆ ಅದರ ಮೈಯಲ್ಲಿರುವ ಕ್ಯಾಂಥರಿಡಿನ್ ಎಂಬ ರಾಸಾಯನಿಕ ಚರ್ಮಕ್ಕೆ ತಾಗಿ ಬೊಬ್ಬೆ ಏಳುತ್ತದೆ. ಆದ್ದರಿಂದ ರೈತರು ಇದನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಇದರಿಂದಾಗುವ ಹಾನಿ ಎಲ್ಲರಿಗೂ ಗೊತ್ತಿದೆ, ಆದರೆ ಇದರ ಪಾದಗಳನ್ನು ನೋಡಿದವರು ಕಡಿಮೆ. ಮುಂಗಾಲು ಮತ್ತು ನಡುಗಾಲುಗಳ ಪಾದದಲ್ಲಿ ಐದೈದು ಖಂಡಗಳು, ಅಂದರೆ ಒಂದಕ್ಕೊಂದು ಕೂಡಿಕೊಂಡ ತುಣುಕುಗಳು, ಇದ್ದರೆ ಹಿಂಗಾಲಿನ ಪಾದದಲ್ಲಿ ನಾಲ್ಕೇ ಇರುತ್ತವೆ. ಹೆಬ್ಬೆರಳಿಗಿಂತ ಉದ್ದವಾದ, ತೇವಭರಿತ ಕಾಡುಗಳಲ್ಲಿ ಸಿಗುವ ದುಂಬಿಗಳ ಕುಟುಂಬವೊಂದು ಎಲ್ಲಿಗೆ ಸೇರಬೇಕೆಂಬ ದೀರ್ಘ ಗೊಂದಲಕ್ಕೆ ಮೊದಲ ಸುಳಿವು ಕೊಟ್ಟದ್ದು ಇದೇ ಲಕ್ಷಣ.

ಆ ಕುಟುಂಬದ ಹೆಸರು ಟ್ರಿಕ್ಟೆನೊಟೊಮಿಡೇ. ಇದರಲ್ಲಿ ಟ್ರಿಕ್ಟೆನೊಟೊಮ ಮತ್ತು ಆಟೊಕ್ರೇಟಿಸ್ ಎಂಬ ಎರಡೇ ಕುಲಗಳಿದ್ದು, ಒಟ್ಟು ಪ್ರಭೇದಗಳು ಸುಮಾರು 15. ಜಗತ್ತಿನಲ್ಲಿ ಇದುವರೆಗೆ ವಿವರಿಸಲಾದ ದುಂಬಿ ಪ್ರಭೇದಗಳು ಸುಮಾರು 4 ಲಕ್ಷ ಎಂಬುದನ್ನು ಗಮನಿಸಿದರೆ ಈ ಕುಟುಂಬ ಎಷ್ಟು ಚಿಕ್ಕದೆಂದು ಅರಿವಾಗುತ್ತದೆ. ಭಾರತ, ಮ್ಯಾನ್ಮಾರ್, ದಕ್ಷಿಣ ಚೀನಾ, ತೈವಾನ್ ಮತ್ತು ಆಗ್ನೇಯ ಏಷ್ಯಾದ ಕಾಡುಗಳು ಇವುಗಳ ನೆಲೆ. ಕಲಬುರಗಿ ಜಿಲ್ಲೆಯ ಚಿಂಚೋಳಿಯ ಒಣ ಎಲೆಯುದುರುವ ಕಾಡಿನಲ್ಲಿ ಇವುಗಳನ್ನು ಹುಡುಕಿ ಪ್ರಯೋಜನವಿಲ್ಲ. ಟ್ರಿಕ್ಟೆನೊಟೊಮದ ಮೈಮೇಲೆ ಬೂದು ಹಳದಿ ಬಣ್ಣದ ನವಿರಾದ ರೋಮವಿರುತ್ತದೆ. ಆಟೊಕ್ರೇಟಿಸ್‌ನ ಮೈಗೆ ಲೋಹದ ಹೊಳಪಿದೆ. ಎರಡರಲ್ಲೂ ದವಡೆಗಳು ತಲೆಯಿಂದ ಮುಂದಕ್ಕೆ ಚಾಚಿಕೊಂಡಿರುತ್ತವೆ, ಕುಡಿಮೀಸೆಗಳು ಉದ್ದವಾಗಿದ್ದು ಅವುಗಳ ತುದಿಯ ಮೂರು ಖಂಡಗಳು ಮಾತ್ರ ಒಂದು ಬದಿಗೆ ಹಲ್ಲಿನಂತೆ ಚೂಪಾಗಿರುತ್ತವೆ.

ತೊಡಕು ಶುರುವಾದದ್ದು ಈ ರೂಪದಿಂದಲೇ. ದವಡೆಗಳನ್ನು ನೋಡಿದರೆ ಲುಕಾನಿಡೇ ಕುಟುಂಬದ ಸಾರಂಗ ದುಂಬಿಯ ನೆನಪಾಗುತ್ತದೆ. ಉದ್ದನೆಯ ಮೈ ಮತ್ತು ಕುಡಿಮೀಸೆಗಳನ್ನು ನೋಡಿದರೆ ಮರ ಕೊರೆಯುವ, ಸೆರಾಂಬಿಸಿಡೇ ಕುಟುಂಬದ ಉದ್ದಮೀಸೆ ದುಂಬಿಯೆನಿಸುತ್ತದೆ. ಈ ಎರಡರಲ್ಲಿ ಯಾವುದೂ ಅಲ್ಲವೆಂದು ತೋರಿಸಲು ಪಾದದ ಲೆಕ್ಕ ಬೇಕಾಯಿತು, ಮತ್ತು ಆ ಲೆಕ್ಕಕ್ಕೆ ತನ್ನದೇ ಆದ ಚರಿತ್ರೆಯಿದೆ.

ಪಾದಖಂಡಗಳ ಎಣಿಕೆಯನ್ನು ದುಂಬಿಗಳ ವಿಂಗಡಣೆಗೆ ಆಧಾರವಾಗಿ ಬಳಸಿದ್ದು ಫ್ರಾನ್ಸಿನ ವೈದ್ಯ ಎಟಿಯೆನ್ ಲೂಯಿ ಜೆಫ್ರಾ, 1762ರಲ್ಲಿ. ಅದಕ್ಕೂ ಮೊದಲು, 1758ರಲ್ಲಿ, ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಸಾರಂಗ ದುಂಬಿಯನ್ನೂ ಸಗಣಿ ದುಂಬಿಗಳನ್ನೂ ಸ್ಕಾರಬೇಯಸ್ ಎಂಬ ಒಂದೇ ಕುಲದಲ್ಲಿ ಇರಿಸಿದ್ದನು. ಅಷ್ಟು ದೊಡ್ಡ ಗುಂಪುಗಳನ್ನು ಒಡೆದು ನೋಡಲು ಎಣಿಸಬಹುದಾದ ಒಂದು ಲಕ್ಷಣ ಅಗತ್ಯವಾಗಿತ್ತು. ಜೆಫ್ರಾನ ದಾರಿಯನ್ನು ಫ್ರಾನ್ಸಿನವರೇ ಆದ ಕೀಟಶಾಸ್ತ್ರಜ್ಞರು ಒಲಿವಿಯೆ ಮತ್ತು ಲಾಟ್ರೆಯ್ ವಿಸ್ತರಿಸಿದರು. 19ನೆಯ ಶತಮಾನದ ಆರಂಭದ ಹೊತ್ತಿಗೆ ದುಂಬಿಗಳು ನಾಲ್ಕು ವಿಭಾಗಗಳಾಗಿ ನಿಂತಿದ್ದವು: ಎಲ್ಲ ಪಾದಗಳಲ್ಲೂ ಐದು ಖಂಡಗಳಿರುವವು, ಹಿಂಗಾಲಿನಲ್ಲಿ ಮಾತ್ರ ನಾಲ್ಕಿರುವವು, ಎಲ್ಲದರಲ್ಲೂ ನಾಲ್ಕಿರುವವು, ಎಲ್ಲದರಲ್ಲೂ ಮೂರಿರುವವು.

ನಮ್ಮ ಕಲಬುರಗಿ, ಯಾದಗಿರಿ, ಬೀದರ್ ಜಿಲ್ಲೆಗಳ ವಿದ್ಯಾರ್ಥಿಗಳು ಈ ನಾಲ್ಕನ್ನೂ ನೋಡಲು ದೂರದ ವಸ್ತುಸಂಗ್ರಹಾಲಯಕ್ಕೆ ಹೋಗಬೇಕಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ಬೇವಿನ ಮರಕ್ಕೆ ಮುತ್ತುವ, ಗೊಣ್ಣೆಹುಳು ಬೆಳೆದು ಆದ ಕಂದು ದುಂಬಿಯ ಪಾದಗಳೆಲ್ಲವೂ ಐದು ಖಂಡದವು. ತೊಗರಿ ಹೂವಿನ ಬೊಬ್ಬೆ ದುಂಬಿಯದು 5, 5, 4. ಜೋಳದ ಹಿಟ್ಟಿನ ಡಬ್ಬಿಯಲ್ಲಿ ಕಾಣುವ ಕೆಂಗಂದು ಬಣ್ಣದ ಟ್ರೈಬೋಲಿಯಂ ಹುಳುವಿನದೂ ಇದೇ ಲೆಕ್ಕ. ಸಂಗ್ರಹಿಸಿಟ್ಟ ತೊಗರಿ ಕಾಳನ್ನು ಕೊರೆದು ಗುಂಡನೆಯ ತೂತು ಬಿಟ್ಟು ಹೊರಬರುವ ಕಾಳಿನ ದುಂಬಿಯ ಪಾದದಲ್ಲಿ ನಾಲ್ಕು ಖಂಡಗಳು ಕಾಣುತ್ತವೆ. ಬೀದರ್ ಕಡೆ ಕುಸುಬೆಗೆ ಹೇನು ಬಿದ್ದಾಗ ಅದನ್ನು ತಿನ್ನಲು ಬರುವ ಗುಲಗಂಜಿ ಹುಳುವಿನಲ್ಲಿ ಮೂರು ಕಾಣುತ್ತವೆ.

ಕಾಣುತ್ತವೆ ಎಂದು ಹೇಳಿದ್ದಕ್ಕೆ ಕಾರಣವಿದೆ. ಕಾಳಿನ ದುಂಬಿಯ ಮೂರನೆಯ ಖಂಡ ಎರಡು ಹಾಲೆಗಳಾಗಿ ಸೀಳಿಕೊಂಡಿದ್ದು, ನಾಲ್ಕನೆಯದೆಂಬ ಅತಿ ಸಣ್ಣ ಖಂಡವೊಂದು ಆ ಸೀಳಿನ ನಡುವೆ ಹುದುಗಿರುತ್ತದೆ. ಅದನ್ನು ಎಣಿಸಿದರೆ ಒಟ್ಟು ಐದಾಗುತ್ತವೆ. ಉದ್ದಮೀಸೆ ದುಂಬಿಗಳ ಪಾದವೂ ಹೀಗೆಯೇ ಇರುತ್ತದೆ. ಗುಲಗಂಜಿ ಹುಳುವಿನಲ್ಲಿಯೂ ಇದೇ ಬಗೆಯಲ್ಲಿ ಒಂದು ಖಂಡ ಅಡಗಿರುವುದರಿಂದ ಅದರ ನಿಜವಾದ ಲೆಕ್ಕ ನಾಲ್ಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಾದಾ ಕೈಮಸೂರವಿದ್ದರೆ ಬೊಬ್ಬೆ ದುಂಬಿಯಂಥ ದೊಡ್ಡ ಕೀಟದ ಪಾದವನ್ನು ಎಣಿಸಬಹುದು. ಸತ್ತ ದುಂಬಿಯನ್ನು ಚಿಮಟದಲ್ಲಿ ಹಿಡಿದು, ಮೊಣಕಾಲಿನ ಕೆಳಗಿನ ಉದ್ದ ಭಾಗ ಮುಗಿಯುವಲ್ಲಿರುವ ಮುಳ್ಳುಗಳನ್ನು ಗುರುತಿಸಿ, ಅಲ್ಲಿಂದಾಚೆಗಿನ ಖಂಡಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೊನೆಯ ಖಂಡಕ್ಕೆ ಅಂಟಿರುವ ಉಗುರುಗಳನ್ನು ಸೇರಿಸಬಾರದು. ಕಾಳಿನ ದುಂಬಿಯಲ್ಲಿ ಅಡಗಿದ ಖಂಡವನ್ನು ನೋಡಲು ಮಾತ್ರ ಕಾಲೇಜಿನ ಸೂಕ್ಷ್ಮದರ್ಶಕವೇ ಬೇಕು.

ಟ್ರಿಕ್ಟೆನೊಟೊಮ ಎಂಬ ಕುಲವನ್ನು ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಜಾರ್ಜ್ ರಾಬರ್ಟ್ ಗ್ರೇ 1832ರಲ್ಲಿ ಸ್ಥಾಪಿಸಿದನು. ಅದರ ಮೊದಲ ಪ್ರಭೇದ ಟ್ರಿಕ್ಟೆನೊಟೊಮ ಚಿಲ್ಡ್ರೆನಿ. 1845ರಲ್ಲಿ ಫ್ರಾನ್ಸಿನ ಕೀಟಶಾಸ್ತ್ರಜ್ಞ ಬ್ಲಾಂಶಾರ್ ಇವುಗಳಿಗೆ ಪ್ರತ್ಯೇಕ ಕುಟುಂಬದ ಸ್ಥಾನ ಕೊಟ್ಟನು. 1851ರಲ್ಲಿ ಫ್ರೆಡರಿಕ್ ಸ್ಮಿತ್ ದಕ್ಷಿಣ ಭಾರತದ ಪ್ರಭೇದವೊಂದಕ್ಕೆ ಗ್ರೇಯ ಹೆಸರನ್ನೇ ಇಟ್ಟನು. 1860ರಲ್ಲಿ ಜೇಮ್ಸ್ ಥಾಮ್ಸನ್ ಆಟೊಕ್ರೇಟಿಸ್ ಕುಲವನ್ನು ಬೇರ್ಪಡಿಸಿದನು. ಹೆಸರುಗಳು ಹೀಗೆ ಒಂದೊಂದಾಗಿ ಸೇರುತ್ತಿದ್ದರೂ ಈ ಕುಟುಂಬ ಯಾರ ಬಳಗಕ್ಕೆ ಸೇರಿದ್ದು ಎಂಬ ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯಿತು. ಸಾರಂಗ ದುಂಬಿಯ ಪಾದಗಳೆಲ್ಲವೂ ಐದು ಖಂಡದವು, ಅದರ ಕುಡಿಮೀಸೆ ನಡುವೆ ಮೊಣಕೈಯಂತೆ ಬಾಗಿರುತ್ತದೆ. ಟ್ರಿಕ್ಟೆನೊಟೊಮದಲ್ಲಿ ಈ ಎರಡೂ ಇಲ್ಲ. ಉದ್ದಮೀಸೆ ದುಂಬಿಯ ಅಡಗಿದ ಖಂಡವೂ ಇದರಲ್ಲಿಲ್ಲ. ಇದರದು ಅಡಕವಿಲ್ಲದ, ಸ್ಪಷ್ಟವಾದ 5, 5, 4. ಆದ್ದರಿಂದ ಬೊಬ್ಬೆ ದುಂಬಿ ಮತ್ತು ಹಿಟ್ಟಿನ ಹುಳುಗಳಿರುವ ಹೆಟೆರೋಮೆರ ಎಂಬ ಎರಡನೆಯ ವಿಭಾಗಕ್ಕೇ ಇದು ಸೇರಬೇಕೆಂಬುದು ನಿಶ್ಚಯವಾಯಿತು. ಆದರೆ ಆ ವಿಭಾಗದೊಳಗೆ ಇದಕ್ಕೆ ಹತ್ತಿರದವರು ಯಾರೂ ಕಾಣಲಿಲ್ಲ. 1899ರಲ್ಲಿ ಬ್ರಿಟಿಷ್ ಕೀಟಶಾಸ್ತ್ರಜ್ಞ ಡೇವಿಡ್ ಶಾರ್ಪ್ ಈ ಕುಟುಂಬಕ್ಕೆ ಬೇರೆ ಯಾವ ಕುಟುಂಬದೊಂದಿಗೂ ನಂಟು ತೋರುವುದಿಲ್ಲವೆಂದೂ ಇದರ ಮರಿಹುಳು ಹೇಗಿರುತ್ತದೆಂದು ಯಾರಿಗೂ ಗೊತ್ತಿಲ್ಲವೆಂದೂ ಬರೆದನು.

ಈ ಚರಿತ್ರೆಯ ತಿರುವು ಶಾರ್ಪ್‌ನ ಆ ಎರಡನೆಯ ಮಾತಿನಲ್ಲಿದೆ ಎಂದು ನನ್ನ ಎಣಿಕೆ. ನೂರಕ್ಕೂ ಹೆಚ್ಚು ವರ್ಷಗಳ ಕಾಲ ಕೀಟಗಳ ವರ್ಗೀಕರಣವೆಂದರೆ ಸೂಜಿ ಚುಚ್ಚಿ ಒಣಗಿಸಿಟ್ಟ ಪ್ರೌಢ ಕೀಟಗಳ ವರ್ಗೀಕರಣವೇ ಆಗಿತ್ತು. ದೊಡ್ಡ ದವಡೆಯಂಥ ಅಂಗಗಳು ಬೇರೆ ಬೇರೆ ಕುಟುಂಬಗಳಲ್ಲಿ ಸ್ವತಂತ್ರವಾಗಿ ಮತ್ತೆ ಮತ್ತೆ ಬೆಳೆದು ಬಂದಿರುವುದರಿಂದ ಅವು ನಂಟಿಗೆ ಸಾಕ್ಷಿಯಾಗಲಾರವು. ಪಾದದ ಲೆಕ್ಕವೊಂದನ್ನೇ ನಂಬುವಂತೆಯೂ ಇಲ್ಲ. ಈ ಬಳಗಕ್ಕೆ ಸೇರದ ಕೆಲವು ಸಣ್ಣ ದುಂಬಿಗಳಲ್ಲಿ ಗಂಡಿನ ಪಾದದಲ್ಲಿ ಮಾತ್ರ 5, 5, 4 ಎಂಬ ಲೆಕ್ಕ ಬರುವುದೂ ಉಂಟು. ಮೊಟ್ಟೆಯೊಡೆದು ಬಂದ ಮರಿಹುಳುವಿನ ಬದುಕೇ ಬೇರೆ, ಅದರ ಅಂಗರಚನೆಯೇ ಬೇರೆ. ಆದ್ದರಿಂದ ಅದು ಪ್ರೌಢ ಕೀಟದ ಸಾಕ್ಷ್ಯವನ್ನು ಪರೀಕ್ಷಿಸಲು ಒದಗುವ ಎರಡನೆಯ ಸಾಕ್ಷ್ಯವಾಗುತ್ತದೆ.

1908ರಲ್ಲಿ ಕೀಟಶಾಸ್ತ್ರಜ್ಞ ಚಾರ್ಲ್ಸ್ ಜೋಸೆಫ್ ಗಹನ್ ಟ್ರಿಕ್ಟೆನೊಟೊಮ ಚಿಲ್ಡ್ರೆನಿಯ ಮರಿಹುಳುವನ್ನು ವಿವರಿಸಿದನು. ಭಾರತದ ಉದ್ದಮೀಸೆ ದುಂಬಿಗಳ ಕುರಿತ ಬೃಹತ್ ಸಂಪುಟವನ್ನು ಎರಡು ವರ್ಷ ಮೊದಲಷ್ಟೇ ಹೊರತಂದಿದ್ದ ಗಹನ್‌ಗೆ ಆ ಕುಟುಂಬದ ಮರಿಹುಳುಗಳ ಲಕ್ಷಣ ಚೆನ್ನಾಗಿ ತಿಳಿದಿತ್ತು. ಟ್ರಿಕ್ಟೆನೊಟೊಮದ ಮರಿ ಅವುಗಳ ಮರಿಯಂತಿರಲಿಲ್ಲ, ಸಾರಂಗ ದುಂಬಿಯ ಬಾಗಿದ ಬಿಳಿ ಗೊಣ್ಣೆಹುಳುವಿನಂತೆಯೂ ಇರಲಿಲ್ಲ. ಉದ್ದನೆಯ ಮೈಯ, ಹೊಟ್ಟೆಯ ತುದಿಯಲ್ಲಿ ಜೋಡಿ ಕೊಂಬುಗಳಂಥ ಚಾಚುಗಳಿದ್ದ ಅದು, ಕೊಳೆತ ಮರದ ತೊಗಟೆಯಡಿ ಬದುಕುವ ಪೈಥಿಡೇ ಮೊದಲಾದ ಹೆಟೆರೋಮೆರ ಕುಟುಂಬಗಳ ಮರಿಗಳನ್ನು ಹೋಲುತ್ತಿತ್ತು. ಪಾದ ಹೇಳಿದ್ದಕ್ಕೆ ಮರಿಹುಳುವಿನ ಬೆಂಬಲವೂ ಸಿಕ್ಕಂತಾಯಿತು.

ಆ ಮುಂದಿನ ಕಾಲದಲ್ಲಿ ನೋಟ ಇನ್ನೂ ಒಳಕ್ಕಿಳಿಯಿತು. ಗ್ಲಾಸ್ಗೋದ ದುಂಬಿತಜ್ಞ ರಾಯ್ ಕ್ರೌಸನ್ 1955ರಲ್ಲಿ ದುಂಬಿ ಕುಟುಂಬಗಳ ವರ್ಗೀಕರಣವನ್ನು ಮರುರೂಪಿಸಿದಾಗ ಹಿಂದಿನ ರೆಕ್ಕೆಯ ನರಗಳ ವಿನ್ಯಾಸ, ಎದೆಯೊಳಗಿನ ಕವಲು ಬಿಟ್ಟ ಅಸ್ಥಿಯಂಥ ರಚನೆ, ಗಂಡಿನ ಜನನಾಂಗ ಮತ್ತು ಮರಿಹುಳುವಿನ ಲಕ್ಷಣಗಳನ್ನು ಒಟ್ಟಿಗೆ ತೂಗಿ ನೋಡಿದನು. 2011ರಲ್ಲಿ ಜಾನ್ ಲಾರೆನ್ಸ್ ಮತ್ತು ಸಂಗಡಿಗರು ದುಂಬಿ ಕುಟುಂಬಗಳನ್ನೆಲ್ಲ ಹೋಲಿಸಲು ಪ್ರೌಢ ಮತ್ತು ಮರಿ ಅವಸ್ಥೆಗಳ 500ಕ್ಕೂ ಹೆಚ್ಚು ಲಕ್ಷಣಗಳನ್ನು ಬಳಸಿದರು. ಜೆಫ್ರಾ ಒಂದೇ ಎಣಿಕೆಯಿಂದ ಆರಂಭಿಸಿದ ಕೆಲಸ ಎಷ್ಟು ಹರಡಿಕೊಂಡಿತೆಂಬುದು ಇದರಿಂದ ತಿಳಿಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ತೈವಾನ್‌ನ ಸಂಶೋಧಕರು ಅಲ್ಲಿನ ಟ್ರಿಕ್ಟೆನೊಟೊಮ ಫಾರ್ಮೋಸಾನವನ್ನು ಸಾಕಿ ಬೆಳೆಸಿ, ಮರಿಹುಳು ಮತ್ತು ಕೋಶ ಅವಸ್ಥೆಗಳೆರಡನ್ನೂ ವಿವರವಾಗಿ ದಾಖಲಿಸಿದ್ದಾರೆ. ಅವರ ಹೋಲಿಕೆ ಪೈಥಿಡೇಗಿಂತ ಸಾಲ್ಪಿಂಜಿಡೇ ಎಂಬ ಕುಟುಂಬದ ಕಡೆಗೆ ವಾಲುತ್ತದೆ. ಸಾಲ್ಪಿಂಜಿಡೇ ದುಂಬಿಗಳಲ್ಲಿ ಹೆಚ್ಚಿನವು ಕೆಲವೇ ಮಿಲಿಮೀಟರ್ ಉದ್ದದವು. ಏಳೆಂಟು ಸೆಂಟಿಮೀಟರ್ ಬೆಳೆಯಬಲ್ಲ ದೈತ್ಯನ ಹತ್ತಿರದ ಬಂಧು ಅಷ್ಟು ಸಣ್ಣ ಕೀಟವೆಂದು ಒಣಗಿದ ಮಾದರಿಗಳನ್ನಷ್ಟೇ ಅಕ್ಕಪಕ್ಕ ಇಟ್ಟು ಹೇಳಲು ಸಾಧ್ಯವಿರಲಿಲ್ಲ. ಇಂದಿನ ಪಟ್ಟಿಗಳಲ್ಲಿ ಟ್ರಿಕ್ಟೆನೊಟೊಮಿಡೇ ಪ್ರತ್ಯೇಕ ಕುಟುಂಬವಾಗಿಯೇ ಉಳಿದು ಹಲವು ಕುಟುಂಬಗಳನ್ನು ಒಳಗೊಂಡ ಟೆನೆಬ್ರಿಯೊನಾಯ್ಡಿಯ ಎಂಬ ಮೇಲ್ಕುಟುಂಬದೊಳಗೆ ನಿಂತಿದೆ. ತೊಗರಿ ಹೊಲದ ಬೊಬ್ಬೆ ದುಂಬಿ ಇರುವುದೂ ಅದರೊಳಗೇ. ಜೋಳದ ಹಿಟ್ಟಿನ ಹುಳು ಸೇರಿರುವ, ಸುಮಾರು 20 ಸಾವಿರ ಪ್ರಭೇದಗಳ ಟೆನೆಬ್ರಿಯೊನಿಡೇ ಕುಟುಂಬವೂ ಅದರದೇ ಭಾಗ.