ಕಾರಿನ ಪರದೆ ಊಹಿಸಲಿ, ಬಟನ್ ಜಾಗ ಬಿಡದಿರಲಿ

ಡ್ಯಾಶ್‌ಬೋರ್ಡ್ ವಿನ್ಯಾಸದ ಸಭೆಗಳಲ್ಲಿ ಈಗೀಗ ತಪ್ಪದೆ ಬರುವ ಬೇಡಿಕೆಯೊಂದಿದೆ: ಚಾಲಕ ಹೆಚ್ಚು ಬಳಸುವ ಬಟನ್ ತಾನಾಗಿಯೇ ಮೇಲಕ್ಕೆ ಬರಬೇಕು. ಕೇಳಲು ಸೊಗಸಾಗಿದೆ. ನಾನಂತೂ ಒಪ್ಪುವುದಿಲ್ಲ.

ಗಾಡಿ ಓಡಿಸುವಾಗ ಪರದೆಯನ್ನು ಯಾರೂ ಕೂತು ಓದುವುದಿಲ್ಲ. ಕೈ ರೂಢಿಯ ಮೇಲೆ ಹೋಗುತ್ತದೆ. ಎಸಿ ಬಟನ್ ಎಡತುದಿಯಲ್ಲಿದೆ ಎಂದು ಬೆರಳಿಗೆ ಗೊತ್ತಾದ ಮೇಲೆ ಕಣ್ಣು ಹಾಯಿಸಿದರೆ ಸಾಕು. ನಿನ್ನೆ ಅಲ್ಲಿದ್ದದ್ದು ಇವತ್ತು ಇನ್ನೆಲ್ಲೋ ಇದ್ದರೆ ಹುಡುಕಬೇಕು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಹುಡುಕುವಷ್ಟರಲ್ಲಿ ಕಾರು ಸುಮಾರು 44 ಮೀಟರ್ ದಾಟಿರುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಒಂದು ನೋಟಕ್ಕೆ 2 ಸೆಕೆಂಡ್, ಇಡೀ ಕೆಲಸಕ್ಕೆ 12 ಸೆಕೆಂಡ್ ಎಂದು ಮಿತಿ ಹಾಕಿದ್ದು ಸುಮ್ಮನೆ ಅಲ್ಲ. ಕಂಪ್ಯೂಟರಿನಲ್ಲಿ ಈ ಪ್ರಯೋಗ ಎಂದೋ ಆಗಿದೆ. ಮೈಕ್ರೋಸಾಫ್ಟ್‌ನ ಆಫೀಸ್ 2000 ತಂತ್ರಾಂಶದ ಮೆನುಗಳು ಕಡಿಮೆ ಬಳಸಿದ ಆಯ್ಕೆಗಳನ್ನು ಅಡಗಿಸಿಡುತ್ತಿದ್ದವು. ಎಷ್ಟೋ ಜನ ಮೊದಲು ಮಾಡುತ್ತಿದ್ದ ಕೆಲಸವೇ ಅದನ್ನು ಆಫ್ ಮಾಡುವುದು. ಅಲ್ಲಿ ಹಾಳಾದದ್ದು ಸಮಯ ಮಾತ್ರ.

ಹಾಗಂತ ಚಾಲಕರಿಗೆ ಏನು ಬೇಕೆಂದು ಕಾರು ಊಹಿಸುವುದೇ ಬೇಡ ಎಂದಲ್ಲ. 2021ರಲ್ಲಿ ಬಂದ ಮರ್ಸಿಡಿಸ್ ಇಕ್ಯೂಎಸ್ ಕಾರನ್ನು ನೋಡಿ. ಒಂದು ಹಂಪ್ ಹತ್ತಿರ ತಳ ತಾಗದಿರಲೆಂದು ನೀವು ಸಸ್ಪೆನ್ಷನ್ ಎತ್ತರಿಸಿದರೆ ಕಾರು ಆ ಜಾಗವನ್ನು ಜಿಪಿಎಸ್ ಮೂಲಕ ನೆನಪಿಟ್ಟುಕೊಳ್ಳುತ್ತದೆ. ಮತ್ತೆ ಅಲ್ಲಿಗೆ ಬಂದಾಗ ಎತ್ತರಿಸಲೇ ಎಂದು ಕೇಳುತ್ತದೆ. ನನಗೆ ಹಿಡಿಸಿದ್ದು ಆ ಕೇಳುವ ಗುಣ. ಊಹೆ ತಪ್ಪಿದರೂ ನಷ್ಟವಿಲ್ಲ, ಗಮನ ಕೊಡದೆ ಮುಂದೆ ಹೋದರಾಯಿತು.

ಹಾಗಾಗಿ ನನ್ನ ಪಟ್ಟು ಇಷ್ಟೇ: ಸಲಹೆಗೆ ಪರದೆಯಲ್ಲಿ ಒಂದೇ ಒಂದು ಜಾಗ, ಅದೂ ಬದಲಾಗದ ಜಾಗ. ಉಳಿದದ್ದೆಲ್ಲ ಇದ್ದಲ್ಲೇ ಇರಲಿ. ಜೋಡಣೆ ಬದಲಿಸಲೇಬೇಕಿದ್ದರೆ ಗಾಡಿ ನಿಂತಾಗ, ಚಾಲಕರನ್ನು ಕೇಳಿ ಬದಲಿಸಲಿ. ವೈಪರ್, ಇಂಡಿಕೇಟರ್, ಹಾರ್ನ್ ಪರದೆಯೊಳಗೆ ಹೋಗುವುದೇ ಬೇಡ.

ಜಿಪಿಎಸ್ಸನ್ನೂ ಪೂರ್ತಿ ನಂಬುವಂತಿಲ್ಲ. ಮೇಲ್ಸೇತುವೆಯ ಮೇಲಿದ್ದೀರೋ ಕೆಳಗಿನ ರಸ್ತೆಯಲ್ಲಿದ್ದೀರೋ ಎಂದು ಅದು ಗೊಂದಲಕ್ಕೆ ಬೀಳುತ್ತದೆ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಗಂಡ ಹೆಂಡತಿ ಒಂದೇ ಕಾರು ಓಡಿಸುವ ಮನೆಯಲ್ಲಿ ಇನ್ನೊಂದು ಪೇಚು. ಪ್ರೊಫೈಲ್ ಬೇರೆ ಮಾಡದಿದ್ದರೆ ಕಾರು ಇಬ್ಬರ ಅಭ್ಯಾಸವನ್ನೂ ಕಲಸಿ, ಇಬ್ಬರಿಗೂ ಒಗ್ಗದ ಮೂರನೆಯವರೊಬ್ಬರನ್ನು ಕಲಿತುಕೊಳ್ಳುತ್ತದೆ.

ಇನ್ನು, ಅಭ್ಯಾಸ ಕಲಿಯುವುದೆಂದರೆ ನೀವು ಯಾವ ದಿನ ಎಲ್ಲಿಗೆ ಹೋಗುತ್ತೀರಿ, ಯಾರಿಗೆ ಫೋನ್ ಮಾಡುತ್ತೀರಿ ಎಂಬುದರ ದಾಖಲೆ ಇಡುವುದು. ಅದನ್ನು ಅಳಿಸುವ ಆಯ್ಕೆ ಸೆಟ್ಟಿಂಗ್ಸ್‌ನ ಆಳದಲ್ಲಿ ಹೂತಿರಬಾರದು. ಕಾರು ಮಾರುವಾಗ ಕೀ ಕೊಡುವ ಮೊದಲು ಫ್ಯಾಕ್ಟರಿ ರೀಸೆಟ್ ಮಾಡಿ, ಫೋನ್ ಆ್ಯಪ್‌ನಿಂದಲೂ ಆ ಕಾರನ್ನು ತೆಗೆದುಹಾಕಿ.