ಸುತ್ತಿಗೆ ಹುಡುಕಲು ಹೋದವನು ಅಗೆಯುವುದನ್ನು ನಿಲ್ಲಿಸಿದ

1992ರ ನವೆಂಬರ್ 16. ಇಂಗ್ಲೆಂಡಿನ ಸಫೊಕ್ ಸೀಮೆಯ ಹಾಕ್ಸನ್ ಅನ್ನೋ ಹಳ್ಳಿ. ರೈತನೊಬ್ಬ ಹೊಲದಲ್ಲಿ ಕಳೆದುಕೊಂಡ ಸುತ್ತಿಗೆ ಹುಡುಕಲು ಅವನ ಗೆಳೆಯ ಎರಿಕ್ ಲಾಸ್ ಮೆಟಲ್ ಡಿಟೆಕ್ಟರ್ ಹಿಡಿದು ಹೊರಟರು. ಅದು ಕುಂಯ್ ಅಂದ ಕಡೆ ಅಗೆದರೆ ಬೆಳ್ಳಿ ಚಮಚ, ಚಿನ್ನದ ಒಡವೆ, ರಾಶಿ ನಾಣ್ಯ. ಸ್ವಲ್ಪ ಎತ್ತಿದವರು ಅಲ್ಲಿಗೇ ಅಗೆಯುವುದನ್ನು ನಿಲ್ಲಿಸಿ ಸುದ್ದಿ ಮುಟ್ಟಿಸಿದರು. ಮರುದಿನವೇ ಪುರಾತತ್ವದವರು ಬಂದು ಉಳಿದದ್ದನ್ನು ಮಣ್ಣಿನ ಹೆಂಟೆ ಸಮೇತ ಎತ್ತಿಕೊಂಡು ಹೋದರು.

ಆ ಮಣ್ಣೇ ಮುಖ್ಯ. ಮರದ ಪೆಟ್ಟಿಗೆ ಕೊಳೆತುಹೋಗಿತ್ತು. ಆದರೂ ಯಾವ ಪಾತ್ರೆಯೊಳಗೆ ಯಾವುದನ್ನು ಜೋಡಿಸಿದ್ದರು, ಒಳಗೆ ಎಷ್ಟು ಪುಟ್ಟ ಡಬ್ಬಿಗಳಿದ್ದವು ಅನ್ನುವುದೆಲ್ಲ ತಿಳಿಯಿತು. ಸುಮಾರು 15,000 ರೋಮನ್ ನಾಣ್ಯಗಳ ಜೊತೆ ಹೆಂಗಸಿನ ಆಕಾರದ ಬೆಳ್ಳಿಯ ಮೆಣಸಿನ ಡಬ್ಬಿಯೂ ಸಿಕ್ಕಿತು. ಮೆಣಸು ಹೋಗುತ್ತಿದ್ದದ್ದು ನಮ್ಮ ಕಡೆಯಿಂದಲೇ ಅಲ್ವಾ?

ಹನ್ನೆರಡು ವರ್ಷ ಮುಂಚೆ ಇಂಥ ಸಹಕಾರ ಯಾರ ಕನಸಿಗೂ ಬರುವಂತಿರಲಿಲ್ಲ. 1980ರಲ್ಲಿ ಪುರಾತತ್ವದವರು 'ಸ್ಟಾಪ್' ಅನ್ನೋ ಹೆಸರಿನಲ್ಲಿ ಡಿಟೆಕ್ಟರ್ ಹವ್ಯಾಸದ ವಿರುದ್ಧ ಪ್ರಚಾರಕ್ಕಿಳಿದಿದ್ದರು. ಅವರ ಕಣ್ಣಿಗೆ ಡಿಟೆಕ್ಟರ್ ಹಿಡಿದವರೆಲ್ಲ ಕಳ್ಳರು. ಹೇಗೂ ನೇಗಿಲಿಗೆ ಸಿಕ್ಕಿ ಹಾಳಾಗುವ ವಸ್ತುವನ್ನು ನಾವು ಉಳಿಸುತ್ತಿದ್ದೇವಲ್ಲ ಅನ್ನುವುದು ಇವರ ಸಿಟ್ಟು. ನನಗೆ ಇಬ್ಬರ ಮಾತೂ ಸರಿ ಅನಿಸುತ್ತದೆ.

ಕಾನೂನೂ ವಿಚಿತ್ರವಾಗಿತ್ತು. ಯಾರೋ ಹೂತಿಟ್ಟು ಮತ್ತೆ ತೆಗೆಯಬೇಕೆಂದುಕೊಂಡಿದ್ದರೆ ಮಾತ್ರ ಅದು ನಿಧಿ, ಸರ್ಕಾರದ ಸ್ವತ್ತು. 1980ರ ದಶಕದಲ್ಲಿ ಸರ‍್ರೆಯ ವಾನ್‌ಬರೋದಲ್ಲಿದ್ದ ರೋಮನ್ ಕಾಲದ ಗುಡಿಯ ಜಾಗವನ್ನು ಕಳ್ಳರು ರಾತ್ರೋರಾತ್ರಿ ಅಗೆದು ಸಾವಿರಾರು ನಾಣ್ಯ ದೋಚಿದರು. ದೇವರಿಗೆ ಹಾಕಿದ ಕಾಣಿಕೆಯನ್ನು ಯಾರಾದರೂ ವಾಪಸ್ ತೆಗೆಯಲೆಂದು ಹಾಕುತ್ತಾರಾ? ಕೋರ್ಟಿನಲ್ಲಿ ಕೇಸ್ ನಿಲ್ಲಿಸುವುದೇ ಕಷ್ಟವಾಯಿತು.

ಆ ನೋವಿನಿಂದ ಎದ್ದ ಒತ್ತಾಯದ ಫಲವೇ 1996ರ ನಿಧಿ ಕಾಯ್ದೆ. ಮರುವರ್ಷ ಅದು ಜಾರಿಗೆ ಬಂತು. ಹೂತಿಟ್ಟವನ ಮನಸ್ಸಿನಲ್ಲಿ ಏನಿತ್ತು ಅನ್ನುವ ರಗಳೆ ಬಹುಮಟ್ಟಿಗೆ ಹೋಯಿತು. ಅದೇ ವರ್ಷ ಶುರುವಾದ ದಾಖಲೆ ಯೋಜನೆ ಇನ್ನೂ ದೊಡ್ಡ ಕೆಲಸ ಮಾಡಿತು ಅಂತ ನನ್ನ ಲೆಕ್ಕ. ಅದರ ಅಧಿಕಾರಿಗಳು ಡಿಟೆಕ್ಟರ್ ಕ್ಲಬ್ಬುಗಳಿಗೇ ಹೋಗಿ ಕೂರುತ್ತಾರೆ. ಕಾಯ್ದೆಗೆ ಬೇಡವಾದ ಅಂಗಿ ಗುಂಡಿ, ಬಕಲ್ ತಂದರೂ ಸಿಕ್ಕ ಜಾಗ ಬರೆದುಕೊಂಡು ವಾಪಸ್ ಕೊಡುತ್ತಾರೆ. ಹೀಗೆ 15 ಲಕ್ಷಕ್ಕೂ ಜಾಸ್ತಿ ವಸ್ತುಗಳು ದಾಖಲಾಗಿವೆ. ಕತ್ತಲಲ್ಲಿ ಅಗೆಯುವವರು ಈಗಲೂ ಇದ್ದಾರೆ, ಜಗಳವೂ ಪೂರ್ತಿ ಮುಗಿದಿಲ್ಲ.

ದುಡ್ಡಿನ ಮಾತನ್ನೂ ಮುಚ್ಚಿಡುವುದು ಬೇಡ. ಹಾಕ್ಸನ್ ನಿಧಿಗೆ 17.5 ಲಕ್ಷ ಪೌಂಡ್ ಸಿಕ್ಕಿತು. ಲಾಸ್ ಅದರಲ್ಲಿ ರೈತನಿಗೂ ಪಾಲು ಕೊಟ್ಟರು. ಅಲ್ಲಿ ಮಾರುಕಟ್ಟೆ ಬೆಲೆಯೇ ಲೆಕ್ಕ. ಅದೇ ಬ್ರಿಟಿಷರು 1878ರಲ್ಲಿ ಭಾರತಕ್ಕೆ ಬರೆದ ನಿಧಿ ಕಾಯ್ದೆಯಲ್ಲಿ, ಸರ್ಕಾರ ನಿಧಿ ತೆಗೆದುಕೊಂಡರೆ ಕೊಡಬೇಕಾದದ್ದು ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಪಾಲು. ಹಾಕ್ಸನ್‌ನ ಆ ಮೆಣಸಿನ ಡಬ್ಬಿಯನ್ನು ಹಾಗೆ ತೂಗಿದ್ದರೆ ಅಂಗೈಯಗಲದ ಬೆಳ್ಳಿಯ ದುಡ್ಡು ಬರುತ್ತಿತ್ತು, ಅಷ್ಟೇ.