ಇಂಟರ್ಯಾಕ್ಟಿವ್ ಅಂದ್ರೆ ಟಚ್ ಸ್ಕ್ರೀನ್ ಅಲ್ಲ

ಸ್ಕ್ರೀನ್ ಮುಟ್ಟಿದ್ರೆ ಪುಟ ಸರಿಯುತ್ತೆ, ಹೃದಯದ ಚಿತ್ರ ಲಬ್ ಡಬ್ ಅಂತ ಬಡಿಯುತ್ತೆ, ಅಷ್ಟಕ್ಕೇ ಅದು ಇಂಟರ್ಯಾಕ್ಟಿವ್ ಆಗಲ್ಲ. ಎಷ್ಟು ಸಲ ಹೇಳಿದ್ರೂ ಅಷ್ಟೇ, ಮೇ ತಿಂಗಳು ಬಂತಂದ್ರೆ ದಾವಣಗೆರೆ ತುಂಬ ಅಡ್ಮಿಷನ್ ಫ್ಲೆಕ್ಸ್ ಏಳ್ತಾವೆ, ಪೇಪರ್ ಬಿಡಿಸಿದ್ರೆ ಪಾಂಪ್ಲೆಟ್ ಉದುರ್ತಾವೆ, ಎಲ್ಲದರಲ್ಲೂ "ಇಂಟರ್ಯಾಕ್ಟಿವ್ ಕ್ಲಾಸ್‌ರೂಂ". ಈ ಸಲ "ಇನ್ಫರ್ಮೇಷನ್, ಇನ್‌ಸ್ಟ್ರಕ್ಷನಲ್ ಅಂಡ್ ಇಂಟರ್ಯಾಕ್ಟಿವ್ ಡಿಸೈನ್ ಬೇಸಿಕ್ಸ್" ಅಂತ ಒಂದು ಕೋರ್ಸಿನ ಪಾಂಪ್ಲೆಟ್ಟೂ ಸಿಕ್ತು, ಸಿಲಬಸ್ ನೋಡಿದ್ರೆ ಬರೀ ಸಾಫ್ಟ್‌ವೇರ್ ಹೆಸರು: ಕೋರಲ್ ಡ್ರಾ, ಫೋಟೋಶಾಪ್, ಪವರ್‌ಪಾಯಿಂಟ್ ಅನಿಮೇಷನ್. ಮೂರು ಬೇರೆ ಬೇರೆ ಕೆಲಸದ ಹೆಸರು ಒಂದೇ ಸಾಲಲ್ಲಿ, ಆ ಮೂರರಲ್ಲಿ ಒಂದನ್ನೂ ಕಲಿಸದೇ ಇರೋ ಸಿಲಬಸ್ಸು ಅದರ ಕೆಳಗೆ.

ಮೊದಲಿನ ಎರಡನ್ನ ಬೇಗ ಮುಗಿಸ್ತೀನಿ, ಅವುಗಳಲ್ಲಿ ಗೊಂದಲ ಅಷ್ಟಿಲ್ಲ. ನಮ್ಮ ಕಡೆ ಎಲ್ಲರಿಗೂ ಗೊತ್ತಿರೋ ಒಂದು ವಸ್ತು ತಗೊಳ್ಳೋಣ: ಮೆಕ್ಕೆಜೋಳಕ್ಕೆ ಹೊಡೆಯೋ ಔಷಧಿ. 2018ರಲ್ಲಿ ಸೈನಿಕ ಹುಳು ಬಂದಮೇಲೆ ಈ ಡಬ್ಬಿಗಳು ಇಲ್ಲದ ಮನೆ ನಮ್ಮ ಹಳ್ಳಿಗಳಲ್ಲಿ ಕಮ್ಮಿ. ಡಬ್ಬಿ ಮೇಲೆ ಒಂದು ಬಣ್ಣದ ತ್ರಿಕೋನ ಇರುತ್ತೆ. ಕೆಂಪು ಅಂದ್ರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ಹಸಿರು ಅಂದ್ರೂ ವಿಷಾನೇ, ಉಳಿದವುಕ್ಕಿಂತ ಕಡಿಮೆ ಅಷ್ಟೇ. ಆದರೆ ಬಿಸ್ಕತ್ ಪ್ಯಾಕೆಟ್ ಮೇಲೆ ಹಸಿರು ಚುಕ್ಕಿ ನೋಡಿ "ವೆಜ್ಜು, ತಿನ್ನಬಹುದು" ಅಂತ ಓದಿ ರೂಢಿ ಆದ ಕಣ್ಣಿಗೆ ಈ ಹಸಿರು ತ್ರಿಕೋನ ಏನು ಹೇಳುತ್ತೆ? "ಪರವಾಗಿಲ್ಲ" ಅಂತ ಹೇಳುತ್ತೆ. ಹಳದಿಗಿಂತ ನೀಲಿ ಕಡಿಮೆ ವಿಷ ಅಂತ ಬಣ್ಣ ನೋಡಿದ ತಕ್ಷಣ ಯಾರಿಗೂ ಹೊಳೆಯಲ್ಲ, ಮೊದಲೇ ಗೊತ್ತಿರಬೇಕು. ಬರೆದಿದ್ದು ಒಂದು, ಓದಿದವನ ತಲೆಗೆ ಹೋಗಿದ್ದು ಇನ್ನೊಂದು, ಈ ಎರಡರ ನಡುವಿನ ಅಂತರ ಕಮ್ಮಿ ಮಾಡೋ ಕೆಲಸಕ್ಕೆ ಇನ್ಫರ್ಮೇಷನ್ ಡಿಸೈನ್ ಅಂತಾರೆ. 1933ರಲ್ಲಿ ಹ್ಯಾರಿ ಬೆಕ್ ಬರೆದ ಲಂಡನ್ ಟ್ಯೂಬ್, ಅಂದ್ರೆ ನೆಲದಡಿ ರೈಲಿನ ಮ್ಯಾಪ್ ಅಚ್ಚಾಗಿ ಬಂತಲ್ಲ, ಅದರಲ್ಲಿ ದೂರ, ದಿಕ್ಕು ಎರಡನ್ನೂ ನೇರ ಗೆರೆಗಳಿಗೆ ಬಗ್ಗಿಸಿಬಿಟ್ಟಿದ್ರು, ಯಾಕಂದ್ರೆ ರೈಲಲ್ಲಿ ಕೂತವನಿಗೆ ಬೇಕಾಗಿದ್ದು ಎಲ್ಲಿ ಇಳೀಬೇಕು, ಎಲ್ಲಿ ರೈಲು ಬದಲಾಯಿಸಬೇಕು ಅನ್ನೋದು. ಚಂದ ಕಾಣೋದು ಆಮೇಲಿನ ಮಾತು.

ಅದೇ ಡಬ್ಬಿ. ಎಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ (ನೀರಲ್ಲಿ ಕರಗೋ ಹರಳಿನ ರೂಪದ ಕೀಟನಾಶಕ), ಲೀಟರ್ ನೀರಿಗೆ 0.4 ಗ್ರಾಂ. ಔಷಧಿ ಹೊಡೆಯೋ ಪಂಪು 16 ಲೀಟರಿಂದು, ಅಂದ್ರೆ ಒಂದು ಪಂಪಿಗೆ 6.4 ಗ್ರಾಂ. ಇದನ್ನ ಚೀಟಿಯಲ್ಲಿ ಎಷ್ಟು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ರೂ ಲೆಕ್ಕ ಹಾಕಿ, ತೂಗಿ, ಬೆರೆಸೋದು ಬರಲಿಲ್ಲ ಅಂದ್ರೆ ರೈತ ಮುಚ್ಚಳದಲ್ಲಿ ಅಂದಾಜು ಅಳತೆ ಸುರೀತಾನೆ. ಓದಿದವನು ಆಮೇಲೆ ತಾನೇ ಮಾಡೋ ಹಂಗೆ ಆಗಬೇಕು, ಅದಕ್ಕೆ ಏನು ಮೊದಲು ಕಲಿಸಬೇಕು, ಎಲ್ಲಿ ಕೈಯಾರೆ ಮಾಡಿಸಬೇಕು, ಕಲಿತಿದ್ದಾನೆ ಅಂತ ಹೆಂಗೆ ಖಾತ್ರಿ ಮಾಡ್ಕೋಬೇಕು, ಇದು ಇನ್‌ಸ್ಟ್ರಕ್ಷನಲ್ ಡಿಸೈನ್. ಇಲ್ಲಿ ಇನ್‌ಸ್ಟ್ರಕ್ಷನ್ ಅಂದ್ರೆ "ಚಪ್ಪಲಿ ಹೊರಗೆ ಬಿಡಿ" ಥರದ ಸೂಚನೆ ಅಂದ್ಕೋಬೇಡ್ರಿ, ಇದರ ಬೇರು ಕನ್‌ಸ್ಟ್ರಕ್ಷನ್, ಸ್ಟ್ರಕ್ಚರ್ ಬಂದ ಕಡೆಯಿಂದಲೇ ಬಂದಿರೋದು, ಲ್ಯಾಟಿನ್ನಿನಲ್ಲಿ ಒಂದರ ಮೇಲೊಂದು ಪೇರಿಸಿ ಕಟ್ಟೋದು ಅಂತ. ಕಲಿಸೋ ವಿಧಾನದ ಬಗ್ಗೆ ಪುಸ್ತಕ ಬರೆದ ಅಮೆರಿಕದ ರಾಬರ್ಟ್ ಮೇಗರ್ 1962ರಲ್ಲೇ ಹೇಳಿದ್ರು, ಪಾಠದ ಗುರಿ ಬರೆಯೋವಾಗ ಕಲಿತವನು ಏನು ಮಾಡಿ ತೋರಿಸ್ತಾನೆ, ಯಾವ ಪರಿಸ್ಥಿತಿಯಲ್ಲಿ, ಎಷ್ಟು ಸರಿಯಾಗಿ, ಮೂರನ್ನೂ ಬರೀರಿ ಅಂತ. "ಕೀಟನಾಶಕದ ಬಗ್ಗೆ ಅರಿವು ಮೂಡಿಸುವುದು" ಅನ್ನೋದು ಗುರಿ ಅಲ್ಲವೇ ಅಲ್ಲ. "ಲೇಬಲ್ ನೋಡಿ 16 ಲೀಟರ್ ಪಂಪಿಗೆ 6.4 ಗ್ರಾಂ ತೂಗಿ ಕೊಡ್ತಾನೆ" ಅನ್ನೋದು ಗುರಿ.

ಈಗ ನನ್ನ ತಕರಾರಿಗೆ ಬರ್ತೀನಿ.

ಇಂಟರ್ಯಾಕ್ಟಿವ್ ಅಂದ್ರೇನು ಅನ್ನೋದಕ್ಕೆ ಗೇಮ್ ಡಿಸೈನರ್ ಕ್ರಿಸ್ ಕ್ರಾಫರ್ಡ್ ಕೊಟ್ಟ ವಿವರಣೆ ನನಗೆ ಎಲ್ಲಕ್ಕಿಂತ ಸರಿ ಅನ್ಸುತ್ತೆ: ಇಬ್ಬರು ಸರದಿ ಪ್ರಕಾರ ಕೇಳಿಸ್ಕೋತಾರೆ, ಯೋಚಿಸ್ತಾರೆ, ಮಾತಾಡ್ತಾರೆ. ಇಬ್ಬರಲ್ಲಿ ಒಬ್ಬರು ಮಷೀನ್ ಆಗಿರಬಹುದು, ಆದರೆ ಮೂರೂ ಆಗಬೇಕು. ಕೇಳಿಸ್ಕೊಳ್ಳದೆ ಮಾತಾಡಿದ್ರೆ ಅದು ಭಾಷಣ. ಕೇಳಿಸ್ಕೊಂಡು ಯೋಚಿಸದೆ ಒಂದೇ ಉತ್ತರ ಕೊಟ್ರೆ ಅದು ಕಾಲಿಂಗ್ ಬೆಲ್. ನಮ್ಮ ಬಹಳಷ್ಟು "ಇಂಟರ್ಯಾಕ್ಟಿವ್" ಪಾಠಗಳು ಈ ಕಾಲಿಂಗ್ ಬೆಲ್ ಮಟ್ಟದಲ್ಲೇ ನಿಂತಾವೆ, ನೀವು ಒತ್ತಿದ್ರಿ ಅನ್ನೋದು ಅದಕ್ಕೆ ಗೊತ್ತಾಗುತ್ತೆ, ಯಾಕೆ ಒತ್ತಿದ್ರಿ ಅನ್ನೋದು ಗೊತ್ತಾಗಲ್ಲ.

ಮೂರನೇ ಕ್ಲಾಸಿನ ಮಗು 52ರಲ್ಲಿ 27 ಕಳೆದು 35 ಅಂತ ಬರೀತು ಅಂದ್ಕೊಳ್ರಿ. ಕ್ಲಾಸಿನ ದುಬಾರಿ ಟಚ್ ಬೋರ್ಡು ಕೆಂಪು ಕತ್ತರಿ ಗುರುತು ತೋರಿಸಿ, ಒಂದು ಅಳೋ ಮುಖ ತೋರಿಸಿ, "ಮತ್ತೆ ಪ್ರಯತ್ನಿಸು" ಅನ್ನುತ್ತೆ. ಮಗು ಮತ್ತೆ ಮಾಡುತ್ತೆ, ಮತ್ತೆ 35 ಬರುತ್ತೆ. ಯಾಕಂದ್ರೆ ಆ ಮಗು ಲೆಕ್ಕ ತಪ್ಪಿಲ್ಲ, ಅದರ ಹತ್ರ ಒಂದು ನಿಯಮ ಐತೆ: ಬಿಡಿ ಸ್ಥಾನದಲ್ಲಿ 2, 7 ಇದ್ದಾವೆ, ದೊಡ್ಡದರಲ್ಲಿ ಚಿಕ್ಕದು ಕಳಿ, 5. ಹತ್ತರ ಸ್ಥಾನದಲ್ಲಿ 5ರಲ್ಲಿ 2 ಹೋದ್ರೆ 3. ಆ ನಿಯಮದ ಪ್ರಕಾರ 35 ಪಕ್ಕಾ ಸರಿ. ಜಾನ್ ಸೀಲಿ ಬ್ರೌನ್, ರಿಚರ್ಡ್ ಬರ್ಟನ್ ಅನ್ನೋ ಸಂಶೋಧಕರು 1978ರಲ್ಲಿ ಇಂಥ ತಪ್ಪುಗಳನ್ನೇ ಹುಡುಕಿ ಪಟ್ಟಿ ಮಾಡಿದ್ರು, ಅವಕ್ಕೆ ಪ್ರೋಗ್ರಾಮಿಂಗ್‌ನಲ್ಲಿ ಅಂದಹಂಗೇ ಬಗ್ ಅಂತ ಹೆಸರಿಟ್ರು, ಮಕ್ಕಳ ತಪ್ಪು ಮನಸ್ಸಿಗೆ ಬಂದಂಗೆ ಆಗಿರಲ್ಲ, ಒಂದು ಕ್ರಮದಲ್ಲೇ ಆಗಿರುತ್ತೆ ಅಂತ ತೋರಿಸಿದ್ರು. 35 ಕಂಡ ಕೂಡಲೇ "ಓ, ಇದು ಆ ಬಗ್" ಅಂತ ಗುರುತಿಸಿ, ಹತ್ತು ಹತ್ತು ಕಡ್ಡಿಯ ಐದು ಕಟ್ಟು, ಎರಡು ಬಿಡಿ ಕಡ್ಡಿ ತೆರೆ ಮೇಲಿಟ್ಟು "ಇದರಲ್ಲಿ ಏಳು ಕಡ್ಡಿ ತೆಗೆದುಕೊಡು" ಅಂದ್ರೆ, ಮಗು ತಾನೇ ಒಂದು ಕಟ್ಟು ಬಿಚ್ಚಬೇಕಾಗುತ್ತೆ. ಬೇರೆ ಮಗು 24 ಅಂತ ಬರೆದಿದ್ರೆ ಬೇರೆ ಉತ್ತರ ಬರಬೇಕು, ಅದಕ್ಕೆ ಕಟ್ಟು ಬಿಚ್ಚೋದು ಗೊತ್ತೈತೆ, ಎಣಿಕೆಯಲ್ಲಿ ಒಂದು ತಪ್ಪಿದೆ ಅಷ್ಟೇ. ಇದು ಇಂಟರ್ಯಾಕ್ಟಿವ್. ಬಳ್ಳಿ ಕಟ್ಟಿದ ಕಡ್ಡಿ ಇಟ್ಕೊಂಡು ಕೂತ ಒಳ್ಳೆ ಟೀಚರ್ ದಿನಾ ಮಾಡೋದೂ ಇದನ್ನೇ.

ಇದಕ್ಕೆ ಕರೆಂಟೂ ಬೇಡ. 1950ರ ದಶಕದ ಕೊನೆಗೆ ನಾರ್ಮನ್ ಕ್ರೌಡರ್ ಅನ್ನೋ ಅಮೆರಿಕದವರು ಒಂದು ಥರದ ಪಠ್ಯಪುಸ್ತಕ ಮಾಡಿದ್ರು. ಪುಟದ ಕೊನೆಗೆ ಒಂದು ಪ್ರಶ್ನೆ, ಒಂದೊಂದು ಉತ್ತರಕ್ಕೆ ಒಂದೊಂದು ಪುಟದ ನಂಬರು. ಸರಿ ಉತ್ತರ ಆರಿಸಿದ್ರೆ ಮುಂದಿನ ಪಾಠ ಸಿಗುತ್ತೆ, ತಪ್ಪು ಆರಿಸಿದ್ರೆ ಆ ಪುಟದಲ್ಲಿ ನೀವು ಎಲ್ಲಿ ಎಡವಿದ್ರಿ ಅನ್ನೋದು ಬರೆದಿರುತ್ತೆ, ಓದ್ಕೊಂಡು ವಾಪಸ್ ಬರಬೇಕು. ಪುಟಗಳು ಕ್ರಮವಾಗಿ ಇರದಿದ್ದಕ್ಕೆ ಅದನ್ನ ಕಲಸಿದ ಪುಸ್ತಕ ಅಂತಲೇ ಕರೀತಿದ್ರು. ಬರೀ ಕಾಗದ, ಶಾಯಿ. ನಮ್ಮ ಎಷ್ಟೋ ಸ್ಮಾರ್ಟ್ ಕ್ಲಾಸ್ ಸಾಫ್ಟ್‌ವೇರ್‌ಗಿಂತ ಆ ಪುಸ್ತಕ ಇಂಟರ್ಯಾಕ್ಟಿವ್, ಯಾಕಂದ್ರೆ ಅದನ್ನ ಬರೆದವರು ಓದುಗ ಯಾವ್ಯಾವ ರೀತಿ ತಪ್ಪಬಹುದು ಅಂತ ಮೊದಲೇ ಕೂತು ಯೋಚಿಸಿದ್ರು.

ಪಾಠದ ಹೊರಗೂ ಇದೇ ಮಾತು. ಕಂಪ್ಯೂಟರ್ ಸೆಂಟರ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ಹಾಕಿದವರಿಗೆಲ್ಲ ಗೊತ್ತು, ಅರ್ಧ ಗಂಟೆ ತುಂಬಿ ಫೋಟೋ ಅಪ್‌ಲೋಡ್ ಮಾಡಿದ್ರೆ "ಅಮಾನ್ಯ ಫೈಲ್" ಅಂತ ಬರುತ್ತೆ, ತುಂಬಿದ್ದೆಲ್ಲ ಅಳಿಸಿಹೋಗುತ್ತೆ, ಹುಡುಗ ಹಿಂದೆ ಕ್ಯೂ ನಿಂತಿರೋರ ಮುಖ ನೋಡ್ತಾನೆ. "ನಿಮ್ಮ ಫೋಟೋ 80 ಕೆಬಿ ಐತೆ, 50 ಕೆಬಿ ಒಳಗೆ ಇರಬೇಕು" ಅಂತ ಹೇಳೋಕೆ ಆ ಸಿಸ್ಟಮ್ಮಿಗೆ ಬೇಕಾದ ಮಾಹಿತಿ ಎಲ್ಲಾ ಅದರ ಹತ್ರಾನೇ ಇರುತ್ತೆ. ಕೇಳಿಸ್ಕೊಂಡಿತು, ಯೋಚನೆನೂ ಮಾಡಿತು, ಮಾತಾಡಲಿಲ್ಲ. ಇಂಥದ್ದನ್ನ ಸರಿಮಾಡೋ ಕಸುಬಿಗೆ ಇಂಟರ್ಯಾಕ್ಷನ್ ಡಿಸೈನ್ ಅಂತ ಹೆಸರು. 1980ರ ದಶಕದಲ್ಲಿ ಬಿಲ್ ಮಾಗ್ರಿಡ್ಜ್, ಬಿಲ್ ವರ್ಪ್ಲಾಂಕ್ ಅನ್ನೋ ಡಿಸೈನರ್‌ಗಳು ಕೊಟ್ಟ ಹೆಸರದು. ಮಾಗ್ರಿಡ್ಜ್ 1982ರ ಗ್ರಿಡ್ ಕಂಪಾಸ್ ಲ್ಯಾಪ್‌ಟಾಪ್‌ನ ಹೊರಮೈ ಡಿಸೈನ್ ಮಾಡಿದವರು, ಆಮೇಲೆ ತಾವೇ ಅದನ್ನ ಬಳಸೋಕೆ ಕೂತಾಗ ಹೊರಮೈ ಮರೆತೇಹೋಗಿ ಮನಸ್ಸೆಲ್ಲ ತೆರೆ ಒಳಗಿನ ಕೆಲಸದಲ್ಲೇ ಮುಳುಗಿತ್ತು, ಹಂಗಾದ್ರೆ ಅದನ್ನೂ ಯಾರಾದ್ರೂ ಡಿಸೈನ್ ಮಾಡಬೇಕಲ್ಲ ಅಂತ ಹೊಳೀತು. ಇಂಟರ್ಯಾಕ್ಷನ್ ಅನ್ನೋದು ಕೆಲಸದ ಹೆಸರು, ಇಂಟರ್ಯಾಕ್ಟಿವ್ ಅನ್ನೋದು ಆ ಕೆಲಸದಿಂದ ಬಂದ ವಸ್ತುವಿನ ಗುಣ, ಇವೆರಡನ್ನ ಅದಲು ಬದಲು ಮಾಡಿದ್ರೆ ನನಗೇನು ಬೇಜಾರಿಲ್ಲ.

ಬೇಸಿಕ್ಸ್ ಕಲೀಬೇಕು ಅನ್ನೋರು ಸಾಫ್ಟ್‌ವೇರ್‌ನಿಂದ ಶುರು ಮಾಡಬೇಡ್ರಿ. ಗೊಬ್ಬರದ ಅಂಗಡಿ ಮುಂದೆ ನಿಂತು, ಔಷಧಿ ತಗೊಂಡವರನ್ನ "ಅಣ್ಣಾರೆ, ಇದನ್ನ ಒಂದು ಪಂಪಿಗೆ ಎಷ್ಟು ಹಾಕ್ತೀರಿ, ಡಬ್ಬಿ ನೋಡಿ ಹೇಳ್ರಿ" ಅಂತ ಕೇಳ್ರಿ, ಕೇಳಿ ಬಾಯಿ ಮುಚ್ಕೊಂಡು ನೋಡ್ರಿ. ಕಣ್ಣು ಮೊದಲು ಎಲ್ಲಿಗೆ ಹೋಯ್ತು, ಬೆರಳು ಎಲ್ಲಿ ನಿಂತಿತು, ಯಾವ ಪದಕ್ಕೆ ಬಂದಾಗ ಡಬ್ಬಿ ತಿರುಗಿಸಿದ್ರು, ಬರ್ಕೊಳ್ರಿ. ನಡುವೆ ಬಾಯಿ ಹಾಕಿ ಸಹಾಯ ಮಾಡಬೇಡ್ರಿ, ಲೆಕ್ಕ ಪೂರ್ತಿ ಮುಗಿದ ಮೇಲೆ ಮಾತ್ರ ಸರಿ ಅಳತೆ ತಪ್ಪದೇ ಹೇಳಿ ಕಳಿಸ್ರಿ. ಕೋರ್ಸಿಗೆ ದುಡ್ಡು ಕಟ್ಟೋಕೆ ಮುಂಚೆ ವಿಚಾರಿಸ್ರಿ, ಇದರಲ್ಲಿ ಬಳಸೋರನ್ನ ಕೂರಿಸಿ ನೋಡೋ ಕ್ಲಾಸು ಎಷ್ಟಿದಾವೆ ಅಂತ. ಒಂದೂ ಇಲ್ಲ ಅಂದ್ರೆ ಅದು ಕೋರಲ್ ಡ್ರಾ ಕೋರ್ಸು, ಅದನ್ನ ಕಲಿಯೋದ್ರಲ್ಲೂ ತಪ್ಪೇನಿಲ್ಲ, ಫೀಸು ಆ ಲೆಕ್ಕದಲ್ಲಿ ಕೊಡ್ರಿ.